ಅರ್ಡಿಸ್ ಕೈಯ ಎರಡು ಗಡಿಯಾರ

ಅರ್ಡಿಸ್ ಕೋಸ್ಮಿಕಿ ಬಸ್ಸಿನ ಗಾಜಿನ ಮೇಲಿನ ಇಬ್ಬನಿ ಒರೆಸುತ್ತಿದ್ದಾರೆ. ಇವತ್ತು ನಾನೂ ಅವರ ಹಿಂದಿನ ಸೀಟಿನಲ್ಲಿದ್ದೇನೆ. ಎಡಗೈ ಗಡಿಯಾರದಲ್ಲಿ ಐದೂಕಾಲು, ಬಲಗೈಯದರಲ್ಲಿ ಆರೂಕಾಲು. ನೆಬ್ರಾಸ್ಕಾದ ನಮ್ಮ ಮರಳುಗುಡ್ಡಗಳ ನಡುವೆ ಕಾಲದ ಗೆರೆ ಹಾದುಹೋಗಿದೆ. ಹೈಸ್ಕೂಲು ಗೆರೆಯ ಪಶ್ಚಿಮಕ್ಕೆ, ಕಾಲೇಜು ಪೂರ್ವಕ್ಕೆ. ಅಲ್ಲಿ ಗಡಿಯಾರ ಒಂದು ಗಂಟೆ ಮುಂದು.

ಹೈಸ್ಕೂಲಿನ ಮಕ್ಕಳು ಕಾಲೇಜಿನಲ್ಲಿ ಕಲಿತ ಪಾಠ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಮೊದಲು ಸ್ವಂತ ಕಾರಿದ್ದವರಿಗಷ್ಟೇ ಆ ಅದೃಷ್ಟ. ಮೂರು ವರ್ಷದ ಹಿಂದೆ ಶಾಲಾ ಮಂಡಳಿಯ ಸಭೆಯಲ್ಲಿ ಹಿಂದಿನ ಸಾಲಿನಿಂದ ಎದ್ದು ನಿಂತವರು ಈ ಅರ್ಡಿಸ್. "ಚಿಕ್ಕ ಬಸ್ಸು ಶೆಡ್ಡಲ್ಲಿ ಸುಮ್ನೆ ನಿಂತಿದೆ, ನಂಗೂ ನಾಲ್ಕಕ್ಕೇ ಎಚ್ಚರ ಆಗುತ್ತೆ. ಕರ್ಕೊಂಡು ಹೋಗ್ತೀನಿ ಅಂದೆ, ಅಷ್ಟೆ." ಆಗ ನಾಲ್ವರು, ಈಗ ಹದಿನಾಲ್ವರು. ದಿನಕ್ಕೆ ನೂರಾ ನಾಲ್ಕು ಮೈಲಿ.

ಇವತ್ತು ಜೀವಶಾಸ್ತ್ರದ ಕೊನೆಯ ಪರೀಕ್ಷೆ. ಕಾಲೇಜಿನ ಗಡಿಯಾರದಲ್ಲಿ ಎಂಟಾದರೆ ಬಾಗಿಲು ಮುಚ್ಚುತ್ತದೆ. ಗೆರೆ ದಾಟಿದ ಕೂಡಲೇ ಸಿಗುವ ದನದ ಫಾರ್ಮಿನ ಗೇಟಿನಲ್ಲಿ ಟೆಸ್ಸಾ ಶಾಡಾ ಇಲ್ಲ. ಇದು ಪಾಸಾದರಷ್ಟೇ ಅವಳಿಗೆ ಬರುವ ವರ್ಷ ಇದೇ ಕಾಲೇಜಿನಲ್ಲಿ ನರ್ಸಿಂಗ್ ಸೀಟು.

ಕಾಯಲು ಇರುವ ನಿಯಮ ಮೂರು ನಿಮಿಷ. ಐದಾಗುತ್ತದೆ.

"ಕರುವಿಗೆ ಪರೀಕ್ಷೆ ಹೇಳ್ಕೊಡ್ತಿರಬೇಕು," ಹಿಂದಿನಿಂದ ಒಬ್ಬ ಗೊಣಗುತ್ತಾನೆ.

"ಅದಾದ್ರೂ ಪಾಸಾಗುತ್ತೆ, ನೀನು ಓದ್ಕೋ," ಎನ್ನುತ್ತ ಅರ್ಡಿಸ್ ಹಾರ್ನ್ ಒತ್ತಿ ಹಿಡಿಯುತ್ತಾರೆ. ಬಲಗೈ ನೋಡುತ್ತಾರೆ, ದಾರಿ ನೋಡುತ್ತಾರೆ, ಮತ್ತೆ ಬಲಗೈ.

ಏಳನೇ ನಿಮಿಷಕ್ಕೆ ಟೆಸ್ಸಾ ಓಡಿ ಬರುತ್ತಾಳೆ, ಕಾಲಲ್ಲಿ ಕೊಟ್ಟಿಗೆಯ ಬೂಟು. ರಾತ್ರಿ ಅವಳ ಫೋನು ಪಶ್ಚಿಮದ ಟವರ್ ಹಿಡಿದು ಒಂದು ಗಂಟೆ ಹಿಂದೆ ಸರಿದಿದೆ. ಅಲಾರಂ ಹೊಡೆದೇ ಇಲ್ಲ. ಎಬ್ಬಿಸಿದ್ದು ಹಾರ್ನ್. ಗೆರೆಯ ಪಕ್ಕದ ಮನೆಗಳಲ್ಲಿ ಇದು ಹೊಸತಲ್ಲ.

"ಫೋನಿಗೆ ತಾನೆಲ್ಲಿದೀನಿ ಅಂತಾನೇ ಗೊತ್ತಿರಲ್ಲ ಕಣೇ," ಎಂದಷ್ಟೇ ಹೇಳಿ ಅರ್ಡಿಸ್ ಗೇರ್ ಹಾಕುತ್ತಾರೆ.

ಕಾಲೇಜಿನ ಮುಂದೆ ಬಸ್ಸು ನಿಂತಾಗ ಏಳು ಐವತ್ತೇಳು. ಇಳಿಯುವ ಟೆಸ್ಸಾಳನ್ನು ತಡೆದು, ಬಲಗೈ ಗಡಿಯಾರ ಬಿಚ್ಚಿ ಅವಳ ಕೈಗೆ ಕಟ್ಟುತ್ತಾರೆ.

ಮುಂದಿನ ಎರಡು ಗಂಟೆ ಅವರು ಸೀಟಿನಲ್ಲಿ ಕೂರುವುದಿಲ್ಲ. ಬಸ್ಸು ಗುಡಿಸುತ್ತಾರೆ, ಗುಡಿಸಿದ್ದನ್ನೇ ಗುಡಿಸುತ್ತಾರೆ, ಖಾಲಿ ಮಣಿಕಟ್ಟು ನೋಡಿಕೊಳ್ಳುತ್ತಾರೆ. ಕೊನೆಗೆ ಟೆಸ್ಸಾ ಮೆಟ್ಟಿಲಿಳಿದು ಬರುತ್ತಾಳೆ, ಕೈ ಎತ್ತಿ, ನಗುತ್ತ.

ಗಡಿಯಾರ ವಾಪಸ್ ಕೇಳುವುದಿಲ್ಲವೇ ಎನ್ನುತ್ತೇನೆ ನಾನು.

"ಅವಳೇ ಇಟ್ಕೊಳ್ಲಿ," ಎನ್ನುತ್ತಾರೆ ಅರ್ಡಿಸ್. "ಇನ್ಮೇಲೆ ಅವಳು ಈ ಕಾಲೇಜಿನ ಟೈಮಿನೋಳು."