ಆರಂಭವನ್ನಷ್ಟೇ ನೋಡುತ್ತಿದ್ದ ಮಾಮಾ

ಮೊದಲಿಗೇ ಓದುಗರಲ್ಲಿ ಒಂದು ಅರಿಕೆ. ನಮ್ಮ ಮನೆತನದಲ್ಲಿ ಮೊದಲು ಪದವಿಯ ತನಕ ಓದಿದವಳು ನಾನು. ಅದೂ ವಾಣಿಜ್ಯ ವಿಷಯದಲ್ಲಿ. ಸಿನಿಮಾ ಕಟ್ಟುವ ವಿದ್ಯೆಯನ್ನು ನಾನು ಶಾಸ್ತ್ರೋಕ್ತವಾಗಿ ಕಲಿತವಳಲ್ಲ. ಆದ್ದರಿಂದ ಈ ಬರಹದಲ್ಲಿ ಪರಿಭಾಷೆಯ ತಪ್ಪುಗಳು ಕಂಡುಬಂದರೆ ತಿಳಿದವರು ದಯವಿಟ್ಟು ತಿದ್ದಿಕೊಂಡು ಓದಬೇಕು. ನನ್ನ ಸೋದರಮಾವ ವಿರುಪಾಕ್ಷಪ್ಪನವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಯಾರಾದರೂ ಇದ್ದಾರೆಯೇ ಎಂದು ಬಹಳ ದಿನ ಕಾದೆ. ಯಾರೂ ಬರೆಯಲಿಲ್ಲ.

ಮಾಮಾ ಸಿನಿಮಾಕ್ಕೆ ಹೋದರೆ ಆರಂಭವನ್ನಷ್ಟೇ ನೋಡುತ್ತಿದ್ದರು. ಎಲ್ಲರಿಗಿಂತ ಮೊದಲು ಟಿಕೀಟು ತೆಗೆದು ಒಳಗೆ ಹೋಗುವರು. ಚಿತ್ರದ ಹೆಸರು ಬಿದ್ದು, ಮೊದಲ ಹೊಡೆದಾಟ ಮುಗಿದು, ನಾಯಕ ಮೊದಲ ಹಾಡಿಗೆ ಅಂಗಿ ಬದಲಿಸುವಷ್ಟರಲ್ಲಿ ಎದ್ದು ಹೊರಗೆ ಬಂದು ಚಹಾ ಕುಡಿಯುವರು. ಮುಂದಿನ ಆಟಕ್ಕೆ ಮತ್ತೊಂದು ಟಿಕೀಟು. ಆಗ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು, ಪರದೆಯ ಬೆಳಕು ಬಿದ್ದು ಮಾಯವಾಗುತ್ತಿದ್ದ ಜನರ ಮುಖಗಳನ್ನು ನೋಡುತ್ತಿದ್ದರು. ರೋಣದ ಟಾಕೀಸಿನಲ್ಲಿ ಬಾಗಿಲು ಕಾಯುತ್ತಿದ್ದವನು ಒಮ್ಮೆ ನನ್ನೆದುರಿಗೇ ಕೇಳಿದ:

"ಏನ್ರೀ ವಿರುಪಣ್ಣ, ಊಟಕ್ಕ ಕುಂತು ಉಪ್ಪಿನಕಾಯಿ ಅಷ್ಟ ನೆಕ್ಕಿ ಎದ್ದ ಹೊಂಟ್ರಲ್ರೀ?"

"ಉಪ್ಪಿನಕಾಯಿ ತಿಂದ್ರ ಆ ಮನಿಯಾಕಿ ಕೈ ಗೊತ್ತಾಕ್ಕೈತೋ ತಮ್ಮಾ," ಎಂದರು ಮಾಮಾ. "ಅನ್ನ ಸಾರು ಎಲ್ಲಾರೂ ಮಾಡ್ತಾರ."

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹುಟ್ಟಿ, ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದು ಬೆಳೆದವರು ಅವರು. ಆಮೇಲೆ ಬೆಂಗಳೂರಿಗೆ ಹೋಗಿ ಸಂಕಲನದ ಕೋಣೆಯೊಂದರಲ್ಲಿ ಕೆಲಸಕ್ಕೆ ಸೇರಿ, ಇತರರ ಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತ ಅರ್ಧ ಆಯುಷ್ಯ ಕಳೆದರು. ಸಂಕಲನವೆಂದರೇನು ಎಂದು ಕೇಳಿದಾಗ ಅವರು ನನ್ನನ್ನು ಮಗ್ಗದ ಮುಂದೆ ಕೂರಿಸಿದರು. ನಮ್ಮ ಕಡೆಯ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ; ಮೈಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಆ ಜೋಡಣೆಯ ಮೇಲೆ ಬೆರಳಾಡಿಸಿ ಮಾಮಾ ಹೇಳಿದರು: "ನೋಡವಾ, ಸೆರಗ ಮುಗದ ಮ್ಯಾಲೆ ಮೈ ಸುರು ಆಗಂಗಿಲ್ಲ. ಸೆರಗ ಇನ್ನೂ ಇದ್ದಾಗನ ಮೈ ಬಂದು ಅದರ ಕೈ ಹಿಡದಿರತೈತಿ. ಸಿನಿಮಾದಾಗೂ ಹಂಗ. ಮುಂದಿನ ದೃಶ್ಯದ ಸಪ್ಪಳ ಹಿಂದಿನ ದೃಶ್ಯದಾಗ ಕೇಳಸಬೇಕು. ಆವಾಗ ನೋಡಾವ ಎಲ್ಲೂ ಹರಕೊಂಡ ಹೋಗಂಗಿಲ್ಲ."

ಗೂಢಚಾರರ ಚಿತ್ರವೆಂದರೆ ಅವರಿಗೆ ಪ್ರಾಣ. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ನನಗೆ ಇಂದಿಗೂ ಸರಿಯೆನಿಸುತ್ತದೆ. "ಪರದೆ ಮ್ಯಾಲಿನಾವ ಒಂದ ಮುಚ್ಚಿಡತಾನ, ಚಿತ್ರ ಮಾಡಿದಾವ ಇನ್ನೊಂದ ಮುಚ್ಚಿಡತಾನ. ನಡುವ ಕುಂತಾವ ಇಬ್ಬರನ್ನೂ ಕಾಯಬೇಕು. ಎದ್ದ ಹ್ಯಾಂಗ ಹೋಗತಾನ?"

ಅವರು ಸ್ವತಃ ನಿರ್ದೇಶಿಸಿದ್ದು ಒಂದೇ ಚಿತ್ರ. ಸಾವಿರದ ಎಂಟುನೂರ ಐವತ್ತರ ದಶಕದ ಕಥೆ. ಕಂಪನಿ ಸರಕಾರದ ಕಣ್ಣು ನರಗುಂದದ ಗುಡ್ಡದ ಕೋಟೆಯ ಮೇಲೆ ಬಿದ್ದಿದ್ದ ಕಾಲ. ಕೋಟೆಗೆ ಸುದ್ದಿ ಒಯ್ಯುವ ಗೂಢಚಾರಿಣಿಯೊಬ್ಬಳು ಸೀರೆ ಮಾರುವವಳ ವೇಷದಲ್ಲಿ ಗಜೇಂದ್ರಗಡದಿಂದ ನರಗುಂದಕ್ಕೆ ಹೊರಡುತ್ತಾಳೆ. ಹುಬ್ಬಳ್ಳಿಯ ನಿರ್ಮಾಪಕರೊಬ್ಬರು ಒಪ್ಪಿದರು. ಆದರೆ ಆರಂಭದ ವಿಷಯದಲ್ಲಿ ಒಂದು ಷರತ್ತು ಹಾಕಿದರು. ಚಿತ್ರವನ್ನು ಗಜೇಂದ್ರಗಡದಲ್ಲೊಮ್ಮೆ, ನರಗುಂದದಲ್ಲೊಮ್ಮೆ ಜನರಿಗೆ ತೋರಿಸಬೇಕು. ಜನ ಉಸಿರು ಹಿಡಿದು ಕೂರದಿದ್ದರೆ ಮಾಮಾ ಮಾಡಿದ ಆರಂಭವನ್ನು ತೆಗೆದುಹಾಕಿ, ಬೇರೊಬ್ಬರಿಂದ ಕುದುರೆ ಓಟವನ್ನೂ ಮದ್ದಿನ ಸ್ಫೋಟವನ್ನೂ ಚಿತ್ರಿಸಿ ಸೇರಿಸಲಾಗುವುದು. ಜೀವಮಾನವಿಡೀ ಇತರರ ಚಿತ್ರಗಳ ಆರಂಭವನ್ನಷ್ಟೇ ನೋಡಿದ ಮನುಷ್ಯನ ಸ್ವಂತ ಆರಂಭವೇ ಹೀಗೆ ಪರೀಕ್ಷೆಗೆ ನಿಂತಿತು.

ಆ ಆರಂಭವನ್ನು ನನಗೆ ತಿಳಿದಷ್ಟು ವಿವರಿಸುತ್ತೇನೆ. ಪರದೆ ಕಪ್ಪಗಿದೆ. ಏನೂ ಕಾಣುವ ಮೊದಲೇ ಮಗ್ಗದ ಸದ್ದು. ಒಂದಲ್ಲ, ಇಡೀ ಓಣಿಯ ಮಗ್ಗಗಳ ಸದ್ದು. ಅದರ ಲಯಕ್ಕೆ ಸರಿಯಾಗಿ ಚಿತ್ರಗಳು ಬರುತ್ತವೆ: ಓಡುವ ಲಾಳಿ, ಮಣ್ಣಿನ ಗೋಡೆಯ ಮೇಲೆ ಬಾಗಿಲಿನ ಬೆಳಕು, ಬಿಗಿದ ಎಳೆಗಳು. ಬಳಿಕ ಓಣಿಯ ತುದಿಯಲ್ಲಿ ಒಂದು ಮಗ್ಗ ನಿಲ್ಲುತ್ತದೆ. ಅದರ ಪಕ್ಕದ್ದು ನಿಲ್ಲುತ್ತದೆ. ಸಿಪಾಯಿಗಳು ಬರುತ್ತಿದ್ದಾರೆಂದು ಯಾರೂ ಹೇಳುವುದಿಲ್ಲ, ಕುದುರೆಗಳನ್ನು ತೋರಿಸುವುದಿಲ್ಲ. ಮಗ್ಗಗಳು ಒಂದೊಂದಾಗಿ ಮೌನವಾಗುತ್ತ ಆ ಮೌನವೇ ನಮ್ಮ ಹತ್ತಿರ ನಡೆದು ಬರುತ್ತದೆ. ಕೊನೆಗೆ ಉಳಿದ ಒಂದು ಮನೆಯಲ್ಲಿ ಗೂಢಚಾರಿಣಿ ಸೊಸೆಯ ವೇಷದಲ್ಲಿ ಮುದುಕಿಯೊಬ್ಬಳ ಪಕ್ಕ ಕುಳಿತಿದ್ದಾಳೆ. ಮುಖ ಕಾಣಿಸದು, ಬೆರಳುಗಳಷ್ಟೇ ಕಾಣಿಸುತ್ತವೆ. ಸಿಪಾಯಿಗಳ ಜೊತೆ ಕೈಜೋಡಿಸಿದ ಊರಿನವನೊಬ್ಬನ ನೆರಳು ಹಾಸಿನ ಮೇಲೆ ಬೀಳುತ್ತದೆ.

ಅವಳು ಮಾಡಬೇಕಾದ ಕೆಲಸವನ್ನು ನಾವು ಕೆಚ್ಚುವುದು ಎನ್ನುತ್ತೇವೆ. ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಸೇರಿಸುವ ಕೆಲಸ. ಬೂದಿ ಮುಟ್ಟಿದ ಬೆರಳುಗಳಿಂದ ಎರಡೂ ತುದಿಗಳನ್ನು ಕೂಡಿಸಿ ಹೊಸೆಯಬೇಕು. ಗಂಟು ಹಾಕಬಾರದು, ಹಾಕಿದರೆ ಅದು ಎಳೆಗಳು ದಾಟಿ ಬರುವ ಬಾಚಣಿಗೆಯಂಥ ಹಣಿಗೆಯ ಸಂದಿಯಲ್ಲಿ ಸಿಕ್ಕಿ ಎಳೆ ಹರಿಯುತ್ತದೆ. ಪರದೆಯ ಮೇಲಿನ ಬೆರಳುಗಳು ಗಂಟು ಹಾಕುತ್ತವೆ: ಅವಳು ನೇಕಾರರ ಮನೆಯವಳಲ್ಲವೆಂದು ಬಯಲು ಮಾಡುವ ತಪ್ಪು. ನೆರಳು ಅಲುಗಾಡದೆ ನಿಲ್ಲುತ್ತದೆ. ಸಂಗೀತವಿಲ್ಲ. ಆ ಗಂಟನ್ನು ಮಾಮಾ ನಮ್ಮ ಕಣ್ಣೆದುರಿನಿಂದ ಬಹಳ ಹೊತ್ತು ತೆಗೆಯುವುದಿಲ್ಲ. ಆಮೇಲೆ ಮುದುಕಿ ಆ ಕೈಗೆ ಫಟ್ಟನೆ ಹೊಡೆದು, ಕೆಲಸ ಬಾರದ ಸೊಸೆಯೆಂದು ಬಾಯಿಗೆ ಬಂದಂತೆ ಬೈದು ಅವಳನ್ನು ಉಳಿಸುತ್ತಾಳೆ.

ಗಜೇಂದ್ರಗಡದ ಪ್ರದರ್ಶನದಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಇದ್ದರು. ಗಂಟು ಬಿದ್ದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬಾಕೆ ಕೂಗಿದಳು: "ಅಯ್ಯ ನಮ್ಮವ್ವಾ, ಸಿಕ್ಕಬಿದ್ಲಲ್ಲ!" ಬಳಿಕ ಕೆಮ್ಮು ಕೂಡ ಕೇಳಿಸಲಿಲ್ಲ. ಪರದೆಗೆ ಬೆನ್ನು ಮಾಡಿ ಕುಳಿತಿದ್ದ ಮಾಮಾ ಆ ಮುಖಗಳನ್ನು ನೋಡಿ ಮಗುವಿನಂತೆ ನಕ್ಕರು.

ಮರುವಾರ ನರಗುಂದ. ಅಲ್ಲಿ ಬಂದವರು ಕಾಳಿನ ವ್ಯಾಪಾರಿಗಳು, ದಲಾಲರು, ಕಾಲುವೆ ನೀರಿನ ಮೇಲೆ ಬೆಳೆ ತೆಗೆಯುವ ಒಕ್ಕಲಿಗರು. ಗಂಟು ಬಿತ್ತು. ಯಾರ ಮುಖವೂ ಬದಲಾಗಲಿಲ್ಲ. ಒಬ್ಬರು ಎಲೆಯಡಿಕೆಯ ಚಂಚಿ ಬಿಚ್ಚಿದರು. ಮುದುಕಿ ಕೈಗೆ ಹೊಡೆದು ಬೈಯತೊಡಗಿದಳೋ ಇಲ್ಲವೋ, ಇಡೀ ಟಾಕೀಸು ಘೊಳ್ಳೆಂದು ನಕ್ಕಿತು! ಅತ್ತೆ ಸೊಸೆಯ ಜಗಳವೆಂದು ಅವರು ಭಾವಿಸಿದ್ದರು. ಉಸಿರು ಹಿಡಿಯಬೇಕಾದ ಕಡೆ ಜನ ಸೀಟಿ ಹೊಡೆದರು.

ಹೊರಗೆ ಬಂದಾಗ ಮಾಮಾ ದಪ್ಪ ಮೀಸೆಯ ಒಬ್ಬ ಕಾಳಿನ ವ್ಯಾಪಾರಿಯನ್ನು ನಿಲ್ಲಿಸಿ ಕೇಳಿದರು: "ಅಕಿ ದಾರ ಕಟ್ಟಿದಾಗ ನಿಮಗೇನೂ ಅನಸಲಿಲ್ಲೇನ್ರೀ ಸಾವ್ಕಾರ್ರ?"

"ಏನ ಅನಸಬೇಕಿತ್ರೀ? ಹರಿದದ್ದನ್ನ ಕಟ್ಟಿದ್ಲು. ಚೀಲದ ಬಾಯಿ ನಾವೂ ದಿನಾ ಕಟ್ಟತೇವಿ. ಆದ್ರ ಆ ಅತ್ತಿ ಮಾತ್ರ ಖರೇ ಅತ್ತಿ ಬಿಡ್ರೀ, ನಮ್ಮನಿಯಾಗ ನೋಡಿದಂಗ ಆತು!"

ನಿರ್ಮಾಪಕರು ಕಾರಿನ ಬಾಗಿಲು ತೆರೆಯುತ್ತ, "ನಾ ಮೊದಲ ಹೇಳಿದ್ದಿಲ್ಲೇನ್ರೀ ವಿರುಪಾಕ್ಷಪ್ಪ, ಕುದರಿ ಬೇಕಂತ?" ಎಂದರು. ಮಾಮಾ ಕೆಲವು ದಿನಗಳ ಅವಕಾಶ ಕೇಳಿದರು. ಅವರು ತುಸು ಬೇಸರದಿಂದಲೇ ಕೊಟ್ಟರು.

ನರಗುಂದದಿಂದ ಹಿಂದಿರುಗುವಾಗ ರೋಣ ದಾಟಿದ ಮೇಲೆ ಮಾಮಾ ನಗತೊಡಗಿದರು. "ಗಂಟ ಹಾಕಬಾರದು ಅನ್ನೂದು ಜಗತ್ತಿಗೆಲ್ಲಾ ಗೊತ್ತೈತಿ ಅಂತ ತಿಳಕೊಂಡಿದ್ದೆ ನೋಡವಾ. ನೇಕಾರನ ಮಗಾ ಅಲ್ಲೇನ! ಹುಟ್ಟಿದಾಗಿಂದ ಕಂಡದ್ದು ಎಲ್ಲಾರೂ ಕಂಡಾರ ಅಂತ ತಿಳಕೋತೇವಿ. ಮೊದಲ ಕಲಿಸಬೇಕು, ಆಮ್ಯಾಲೆ ಹೆದರಿಸಬೇಕು."

ಅವರು ನೇರವಾಗಿ ನಮ್ಮ ಮನೆಗೆ ಬಂದು ನನ್ನ ಅವ್ವನ ಮುಂದೆ ಕುಳಿತರು. ಅವ್ವ ಅವರ ಅಕ್ಕ.

"ಅಕ್ಕಾ, ನಿನ್ನ ಕೈ ಬೇಕು."

"ಯಾಕೋ, ನಿನ್ನವು ಎಲ್ಲಿ ಹೋದ್ವು?"

"ಸಿನಿಮಾಕ್ಕ ಬೇಕು. ನೀ ಹಾಸ ಕೆಚ್ಚೂದನ್ನ ತಗೀತೇನಿ."

"ನಿನ್ನ ತಲಿ! ಬೂದಿ ಹತ್ತಿದ ಕೈ ನೋಡಾಕ ಯಾರ ರೊಕ್ಕಾ ಕೊಟ್ಟ ಬರತಾರೋ? ಆ ಹೀರೋಯಿನ್ ಹುಡಿಗೀ ಕೈ ಭಾಳ ಚಲೋ ಅದಾವು, ಅವನ್ನ ತಗಿ."

ಕ್ಯಾಮೆರಾ ಮನೆಗೆ ಬಂದ ದಿನ ಅವ್ವ ಹೊಸ ಸೀರೆ ಉಟ್ಟು, ಬಳೆ ಏರಿಸಿ, ಕಲ್ಲಿನಂತೆ ಕುಳಿತಳು. ಬೆರಳುಗಳು ಓಡಲಿಲ್ಲ. ಛಾಯಾಗ್ರಾಹಕರು ಬೇಸತ್ತರು. ಆಗ ಮಾಮಾ ಮಾಡಿದ್ದನ್ನು ನೆನೆದರೆ ಇಂದಿಗೂ ನನಗೆ ಹೆಮ್ಮೆಯಾಗುತ್ತದೆ. ಕ್ಯಾಮೆರಾ ನಿಲ್ಲಿಸಿದ್ದೇವೆಂದು ಹೇಳಿ, ಅವ್ವನಿಗೆ ಹಳೆಯ ಸೀರೆ ಉಟ್ಟು ಬರಲು ತಿಳಿಸಿ, ಪಕ್ಕದಲ್ಲಿ ಕುಳಿತು ತಾವೂ ಕೆಚ್ಚತೊಡಗಿದರು. ಮನೆಯ ಮಾತು, ಮದುವೆಯ ಮಾತು ನಡೆದವು. ಅವ್ವನ ಬೆರಳುಗಳು ತಮ್ಮಷ್ಟಕ್ಕೆ ಓಡಿದವು. ಕ್ಯಾಮೆರಾ ನಿಂತಿರಲಿಲ್ಲ. ಮಾತಿನ ನಡುವೆ ಮಾಮಾ ಬೇಕೆಂದೇ ಒಂದು ಎಳೆಗೆ ಗಂಟು ಹಾಕಿದರು. ಅವ್ವ ಆ ಕೈಯನ್ನು ತಟ್ಟಿ ಸರಿಸಿ, ಗಂಟು ಹರಿದು, ಹೊಸೆದು ತೋರಿಸಿದಳು:

"ಗಂಟ ಹಾಕತೀಯೇನೋ? ಹಣಿಗ್ಯಾಗ ಹ್ಯಾಂಗ ದಾಟೀತು ಅದು? ನೇಕಾರ ಆಗಿ ಯಾರರ ಗಂಟ ಹಾಕತಾರೇನು?"

ಮಾಮಾ ಎದ್ದು ಅಕ್ಕನ ಕಾಲು ಮುಟ್ಟಿದರು. ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಗೆ ಸಿಕ್ಕ ನೂಲು ಸುತ್ತಿದ ಕಂಡಿಕೆಯನ್ನೇ ತಮ್ಮನ ಮೇಲೆ ಎಸೆದಳು.

ಆ ಕೈಗಳನ್ನೂ ಆ ಮಾತನ್ನೂ ಮಾಮಾ ಆರಂಭದ ಮೊದಲ ದೃಶ್ಯಗಳ ನಡುವೆ, ಮಗ್ಗಗಳಿನ್ನೂ ನಡೆಯುತ್ತಿರುವ ಭಾಗದಲ್ಲಿ ಸೇರಿಸಿದರು. ತಮ್ಮ ಕೈಯ ಅಂಚನ್ನಷ್ಟೇ ಉಳಿಸಿಕೊಂಡರು. ಬೈಸಿಕೊಂಡವನು ಯಾರೋ ಕೆಲಸ ಕಲಿಯುವ ಹುಡುಗನೆಂದು ನೋಡುವವರಿಗೆ ತೋರುತ್ತದೆ. ಉಳಿದದ್ದೆಲ್ಲ ಇದ್ದಂತೆಯೇ ಇತ್ತು.

ಮತ್ತೆ ನರಗುಂದದ ಅದೇ ಟಾಕೀಸು. ಮೊದಲ ಸಲದ ಪ್ರದರ್ಶನಕ್ಕೆ ಬಾರದಿದ್ದವರನ್ನೇ ಹುಡುಕಿ ಕರೆಸಲಾಗಿತ್ತು. ಆದರೂ ಮೀಸೆಯ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ತಾವಾಗಿ ಬಂದಿದ್ದರು. ಅವ್ವ ನನ್ನ ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದು ಕುಳಿತಿದ್ದಳು. ಆಕೆಯ ಬೆರಳುಗಳು ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂದವು. ಅವ್ವನ ಬೈಗುಳಕ್ಕೆ ಜನ ಸಣ್ಣಗೆ ನಕ್ಕರು. ಆಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ನೆರಳು ಬಿದ್ದಿತು. ಗೂಢಚಾರಿಣಿಯ ಬೆರಳುಗಳು ಎಳೆಗಳ ಹತ್ತಿರ ಹೋದವು. ಗಂಟಿನ ಕುಣಿಕೆ ಇನ್ನೂ ಬಿಗಿಯುವ ಮೊದಲೇ ವ್ಯಾಪಾರಿಯ ಹೆಂಡತಿ ಎದ್ದು ನಿಂತಳು. "ಏ ಹುಡಿಗಿ, ಗಂಟ ಹಾಕಬ್ಯಾಡ! ಹಾಕಬ್ಯಾಡ!" ಯಾರೂ ನಗಲಿಲ್ಲ, ಆಕೆಯನ್ನು ಕೂಡಿಸಲೂ ಇಲ್ಲ. ಮುದುಕಿ ಕೈಗೆ ಹೊಡೆದಾಗ ಇಡೀ ಟಾಕೀಸು ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮುಂದಿನ ದೃಶ್ಯದಲ್ಲಿ ನಮ್ಮೂರಿನ ಪಕ್ಕದ ಪುರ್ತಗೇರಿಯ ಎರೆಹೊಲಗಳು, ಸೀರೆಯ ಗಂಟು ಹೊತ್ತು ನಡೆಯುವ ಹೆಂಗಸು, ದೂರದಲ್ಲಿ ನರಗುಂದದ ಗುಡ್ಡ, ಅದರ ಮೇಲೆ ಚಿತ್ರದ ಹೆಸರು. ತಮ್ಮೂರಿನ ಗುಡ್ಡ ಕಂಡು ಜನ ಚಪ್ಪಾಳೆ ತಟ್ಟಿದರು.

ನಿರ್ಮಾಪಕರು ಮಾಮಾನ ಹತ್ತಿರ ಬಂದು ಹೇಳಿದ್ದು ಇಷ್ಟೇ: "ಕುದರಿ ಬ್ಯಾಡ ಬಿಡ್ರೀ."

ಚಿತ್ರ ನಮ್ಮ ಕಡೆಯ ಊರುಗಳಲ್ಲಿ ಚೆನ್ನಾಗಿ ಓಡಿತು; ಬೆಂಗಳೂರಿನಲ್ಲಿ ಬೇಗನೆ ತೆಗೆದರು. ಮಾಮಾ ಅದಕ್ಕೆ ಕೊರಗಲಿಲ್ಲ. ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ. ಎದೆನೋವಿನ ತಪಾಸಣೆಗೆಂದು ಧಾರವಾಡಕ್ಕೆ ಹೊರಟಿದ್ದರು. ಜೊತೆಗೆ ಬರುತ್ತೇನೆಂದರೆ ಒಪ್ಪಲಿಲ್ಲ. "ದವಾಖಾನಿಯಾಗ ನೋಡಾಕ ಏನೈತಿ? ನೀ ಹೋಗಿ ಅಕ್ಕಗ ಹೇಳು, ಇನ್ನೊಂದ ಚಿತ್ರದ ಸುರುವಾತು ಹೊಳದೈತಿ ಅಂತ. ಈ ಸಲ ಆಕಿ ಮುಖಾನೂ ತಗೀತೇನಂತ." ಅದು ಏನು ಹೊಳೆದಿತ್ತೆಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತು. ಆ ತಿಂಗಳು ಮುಗಿಯುವ ಮೊದಲೇ ಅವರು ತೀರಿಕೊಂಡರು.

ಆ ಬಳಿಕ ನಮ್ಮ ಮನೆಯಲ್ಲಿ ಬದಲಾದದ್ದನ್ನು ಹೇಳಿ ಮುಗಿಸುತ್ತೇನೆ. ನಾನು ಪದವಿ ಪಡೆದ ಮೇಲೆ ಮಗ್ಗದ ಕುಣಿಯನ್ನು ಮುಚ್ಚಿಸುವ ಮಾತು ನಡೆದಿತ್ತು, ಅದನ್ನು ಕೈಬಿಟ್ಟೆವು. ಓಣಿಯ ಎಳೆಯ ಸೊಸೆಯಂದಿರು ಕೆಚ್ಚುವುದನ್ನು ಕಲಿಯಲು ಅವ್ವನ ಬಳಿಗೆ ಬರುತ್ತಾರೆ. ನನ್ನ ತಂಗಿ ಗೌರಿ ಸಂಕಲನ ಕಲಿಯಲು ಪುಣೆಗೆ ಹೋಗಿದ್ದಾಳೆ. ಅಪ್ಪ ಬೇಡವೆಂದರು. ಕಳಿಸಲೇಬೇಕೆಂದು ಹಟ ಹಿಡಿದವಳು ಅವ್ವ.