ಮೊಂಡುಬಾಲದ ಅಳಿಲು

ಕಿರ್ ಎಂದು ಗಾಜಿನ ಮೇಲೆ ಬೆರಳು ಸರಿದ ಸಣ್ಣ ಸದ್ದು. ಹೊರಗೆ ಇನ್ನೂ ನಡುರಾತ್ರಿಯಂಥ ಕತ್ತಲು. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನ ಚಳಿಗಾಲದಲ್ಲಿ ಬೆಳಗೆಂದರೆ ಇದೇ. ಡಾಗಿಸ್, ಅಂದರೆ ಇಲ್ಲಿನ ಶಿಶುವಿಹಾರ. ಅದರ ಅಡುಗೆಮನೆಯಲ್ಲಿ ಓಟ್ಸ್ ಗಂಜಿ ಕುದಿಯುತ್ತಿದೆ. ಆವಿ ಹಿಡಿದ ಕಿಟಕಿಯ ಮೇಲೆ ರಾಜಲಕ್ಷ್ಮಿ ಒಂದು ಅಳಿಲನ್ನು ಬರೆಯುತ್ತಾರೆ. ಮಕ್ಕಳು ಬರುವಷ್ಟರಲ್ಲಿ ಅದು ನೀರಾಗಿ ಇಳಿದಿರುತ್ತದೆ.

ಎಂಬತ್ತರ ದಶಕದಲ್ಲಿ, ಮಲ್ಲೇಶ್ವರದ ಬಾಡಿಗೆ ಮನೆಯೊಂದರ ಕಾರ್ಟೂನ್ ಸ್ಟುಡಿಯೋದಲ್ಲಿ ಪಾತ್ರಗಳಿಗೆ ರೂಪ ಕೊಡುತ್ತಿದ್ದವರು ಇವರು. ಮುಂದಿನಿಂದ, ಪಕ್ಕದಿಂದ, ಬೆನ್ನ ಕಡೆಯಿಂದ ಪಾತ್ರ ಹೇಗೆ ಕಾಣುತ್ತದೆಂದು ಇವರು ಬರೆದುಕೊಟ್ಟರೆ, ಉಳಿದವರು ಅದನ್ನು ನೋಡಿಕೊಂಡು ನೂರಾರು ಸಲ ಬರೆದು ಚಲನೆ ತುಂಬುತ್ತಿದ್ದರು. ನೀರು ಕುದಿಸಿ ಕುಡಿಯಿರಿ ಎನ್ನುವ ಕಿರುಚಿತ್ರಕ್ಕಾಗಿ ಹುಟ್ಟಿದ್ದು ಈ ಮೊಂಡುಬಾಲದ ಅಳಿಲು.

“ಪೊದೆಯಂಥ ಬಾಲ ಎಷ್ಟು ಸಲ ಅಂತ ಬರೀತಾರೆ, ಪಾಪ ಹುಡುಗರು? ಕತ್ತರಿಸಿಬಿಟ್ಟೆ,” ಎನ್ನುತ್ತಾರೆ. “ಓನರು ಬೈದ್ರು. ಆಮೇಲೆ ಥಿಯೇಟರ್‌ನಲ್ಲಿ ಜನ ನಕ್ಕಿದ್ದೇ ಆ ಬಾಲಕ್ಕೆ.”

ತೆರೆಯ ಮೇಲೆ ಅವರ ಹೆಸರು ಬರಲಿಲ್ಲ. ಸ್ಟುಡಿಯೋ ಮುಚ್ಚಿತು, ರೀಲುಗಳು ಗೋಡೌನಿನ ತೇವಕ್ಕೆ ಹಾಳಾದವು. ಪತಿ ಪ್ರಭಾಕರ ಅವರಿಗೆ ಇಲ್ಲಿನ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಭಾಷೆ ಬಾರದೆ, ತೋರಿಸಲು ಒಂದು ಚಿತ್ರವೂ ಇಲ್ಲದೆ ರಾಜಲಕ್ಷ್ಮಿ ಈ ಅಡುಗೆಮನೆಯ ಕೆಲಸಕ್ಕೆ ಸೇರಿದರು. ಈಗಲೂ ಮೂವತ್ತು ಮಕ್ಕಳಿಗೆ ಬೆಳಗಿನ ಗಂಜಿ, ಹೆಚ್ಚಿದ ಸೇಬು ಇವರದೇ ಕೈಯಿಂದ. ಅಳಿಲು ಇನ್ನೊಮ್ಮೆ ಓಡುವುದನ್ನು ನೋಡುವ ಆಸೆ ಮಾತ್ರ ಆರಿಲ್ಲ. ಯಾರಿಗಾದರೂ ಅದರ ನೆನಪಿದೆ ಎಂದು ಗೊತ್ತಾದರೂ ಸಾಕಿತ್ತು.

ಕಳೆದ ತಿಂಗಳು ಗೊತ್ತಾಯಿತು. ಶಿಶುವಿಹಾರಕ್ಕೆ ಬರುವ, ಬೆಂಗಳೂರಿನ ದಂಪತಿಯ ನಾಲ್ಕು ವರ್ಷದ ಮಗಳು ಚಾರ್ವಿ ಕಾಗದದ ಮೇಲೆ ಅಳಿಲು ಬರೆಯುತ್ತಿದ್ದಳು. ಮೊಂಡುಬಾಲ, ಬಗ್ಗಿದ ಒಂದು ಕಿವಿ. ರಾಜಲಕ್ಷ್ಮಿ ಕೈಲಿದ್ದ ತಟ್ಟೆ ಕೆಳಗಿಟ್ಟರು.

“ಯಾರು ಹೇಳ್ಕೊಟ್ರು ಪುಟ್ಟಾ?”

ಮಗು ಸ್ವೀಡಿಷ್‌ನಲ್ಲಿ ಉತ್ತರಿಸಿತು. ಇದು ಅಜ್ಜಿಯ ಅಳಿಲಂತೆ, ಅಜ್ಜಿಯೇ ಮಾಡಿದ್ದಂತೆ. ಊಟದ ಹೊತ್ತಿಗೆ ವಿಡಿಯೊ ಕಾಲ್‌ನಲ್ಲಿ ಅಜ್ಜಿ ದಿನಾ ಬರೆದು ತೋರಿಸುತ್ತಾಳಂತೆ. ಅಳಿಲಿಗೊಂದು ತುತ್ತು, ಚಾರ್ವಿಗೊಂದು ತುತ್ತು. ಆಮೇಲೆ ಅಜ್ಜಿಯ ನೆನಪಿಗೋ ಏನೋ, ಕನ್ನಡದಲ್ಲೇ ಕೇಳಿತು: “ನಿಂಗೆ ಬರಿಯಕ್ಕೆ ಬರತ್ತಾ?”

“ಇಲ್ವಲ್ಲ. ನೀನೇ ಹೇಳ್ಕೊಡು.”

ಮಗು ಅವರ ಬೆರಳು ಹಿಡಿದು ಬಾಲ ಬರೆಸಿತು.

ಸಂಜೆ ತಾಯಿ ಆರತಿ ಕರೆದೊಯ್ಯಲು ಬಂದಾಗ ಅಳಿಲು ತನ್ನದೆಂಬ ಮಾತು ರಾಜಲಕ್ಷ್ಮಿಯವರ ನಾಲಿಗೆಯ ತುದಿಗೆ ಬಂದಿತ್ತು. ಮಗುವಿನ ಜಾಕೆಟ್‌ನ ಜಿಪ್ ಎಳೆದು ಕಳಿಸಿಕೊಟ್ಟರು. “ಅವ್ರು ಆಗ ಥಿಯೇಟರ್‌ನಲ್ಲಿ ನೋಡಿರ್ಬೇಕು. ನಂದು ಅಂದ್ರೆ, ಅವಳ ಅಜ್ಜಿದಲ್ಲ ಅಂತಾಗತ್ತೆ,” ಎನ್ನುತ್ತಾರೆ.

ಊರಿನಲ್ಲಿರುವ ಆ ಅಜ್ಜಿ ಪೇಪರ್ ಓದುವವರು. ಅದಕ್ಕೇ ಈ ಬರಹಕ್ಕೆ ಒಪ್ಪುವಾಗ ರಾಜಲಕ್ಷ್ಮಿ ಒಂದು ಷರತ್ತು ಹಾಕಿದ್ದಾರೆ: ಇಲ್ಲಿನ ಹೆಸರುಗಳೆಲ್ಲ ಬೇರೆ, ಅವರದೂ ಸೇರಿ. ಅಳಿಲು ಕೂಡ ಅಳಿಲಲ್ಲ.

“ಯಾರಿಗೂ ಹೇಳಲ್ಲ,” ಎಂದು ಕಿಟಕಿ ಒರೆಸುತ್ತಾರೆ. “ದಿನಾ ಊಟ ಮಾಡ್ತಿದೆಯಲ್ಲ ಅಳಿಲು, ಸಾಕು.”