ಮಲಾಡಿನ ಲಾಡ್ಜಿಗೆ ಬಂದ ಅಕ್ಕ

ಯಾವುದೇ ಫಾರಮಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ನನಗೆ ಅಂಗಿ ಹಾಕದೆ ಬೀದಿಗೆ ಬಂದ ಹಾಗಾಗುತ್ತದೆ. ಮೈಸೂರಿನ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕೂತು, ಖಾಲಿ ಕಾಲಂ ಕಂಡ ಅರ್ಜಿಗಳಿಗೆಲ್ಲ ಕೆಂಪು ಗೆರೆ ಎಳೆದು ವಾಪಸು ಕಳಿಸಿದವನು ನಾನು. ಆ ಪಾಪ ನಿವೃತ್ತಿಯ ನಂತರವೂ ಬೆನ್ನು ಬಿಟ್ಟಿಲ್ಲ. ಇಲ್ಲದಿದ್ದರೆ ಮುಂಬೈಯಲ್ಲಿ ಅಷ್ಟು ಜಾಣತನದಿಂದ ಮುಚ್ಚಿಟ್ಟಿದ್ದ ಗುಟ್ಟನ್ನು ನಾನೇ ದುಂಡಗಿನ ಅಕ್ಷರದಲ್ಲಿ ಬರೆದುಕೊಡುತ್ತಿರಲಿಲ್ಲ.

ಗುಟ್ಟು ಇಷ್ಟೆ. ನಾನೂ ನನ್ನ ಹೆಂಡತಿ ಶಾರದೆಯೂ ನಾಲ್ಕು ದಿನ ಊರು ನೋಡಲು ಬಂದು ಮಲಾಡಿನ ಸಣ್ಣದೊಂದು ಲಾಡ್ಜಿನಲ್ಲಿ ಇಳಿದಿದ್ದೆವು. ಇದರಲ್ಲಿ ಮುಚ್ಚಿಡುವಂಥದ್ದೇನು ಎಂದು ಕೇಳುವಿರಾದರೆ, ನಿಮಗೆ ಆ ಊರಿನಲ್ಲಿ ಒಡಹುಟ್ಟಿದ ಅಕ್ಕ ಇಲ್ಲ ಎಂದರ್ಥ. ನಮ್ಮ ಕಡೆ ಅಕ್ಕನ ಮನೆಯಿರುವ ಊರಿನಲ್ಲಿ ಲಾಡ್ಜು ಹಿಡಿದರೆ ಜನ ಎರಡೇ ಕಾರಣ ಊಹಿಸುತ್ತಾರೆ: ಆಸ್ತಿ ಜಗಳ, ಇಲ್ಲವೇ ಮಾತು ಬಿಟ್ಟಿದ್ದಾರೆ. ನಮ್ಮ ನಡುವೆ ಎರಡೂ ಇರಲಿಲ್ಲ. ಇದ್ದದ್ದು ಭಾವನ ಮೊಣಕಾಲು.

ಅಕ್ಕನದು ಸಯನ್ನಿನಲ್ಲಿ ಒಂದು ರೂಮು, ಒಂದು ಕಿಚನ್ನಿನ ಮನೆ. ನಾವು ಹೋದಾಗಲೆಲ್ಲ ರೂಮಿನ ಮಂಚ ನಮಗೆ, ಅಡುಗೆಮನೆಯ ನೆಲ ಅವರಿಬ್ಬರಿಗೆ. ಹೋದ ಸಲ ಬೆಳಗ್ಗೆ ನೀರು ಕುಡಿಯಲು ಹೋದವನು, ಗ್ಯಾಸ್ ಸಿಲಿಂಡರನ್ನು ಹಿಡಿದುಕೊಂಡು ನೆಲದಿಂದ ಮೂರು ಕಂತಿನಲ್ಲಿ ಏಳುತ್ತಿದ್ದ ಭಾವನನ್ನು ಕಂಡೆ. "ವ್ಯಾಯಾಮ" ಎಂದರು. ನಂಬಿದವನಂತೆ ನಟಿಸಿದೆ. ಇನ್ನು ಮುಂದೆ ಅಲ್ಲಿ ಉಳಿಯಬಾರದೆಂದು ಆವತ್ತೇ ನಿಶ್ಚಯಿಸಿದೆ. ಹೇಳಿದರೆ ಅಕ್ಕ ನೊಂದುಕೊಳ್ಳುತ್ತಾಳೆ, ಹೇಳದಿರುವುದೇ ಪ್ರೀತಿ ಎಂದುಕೊಂಡೆ. ನನ್ನ ಹೇಡಿತನಕ್ಕೆ ಒಳ್ಳೊಳ್ಳೆಯ ಹೆಸರು ಹುಡುಕುವುದರಲ್ಲಿ ನಾನು ನಿಸ್ಸೀಮ. ಕೊನೆಯ ದಿನ ಮೈಸೂರ್ ಪಾಕಿನ ಡಬ್ಬ ಹಿಡಿದು, ಆಗ ತಾನೇ ರೈಲಿಳಿದವರಂತೆ ಸಯನ್ನಿಗೆ ಹೋಗಿ ಉಂಡು ಬರುವುದೆಂದು ತೀರ್ಮಾನವಾಯಿತು.

ಮಲಾಡನ್ನು ಆರಿಸಿದ್ದರಲ್ಲೂ ನನ್ನ ತಲೆ ಓಡಿತ್ತು. ಸಯನ್ ಇರುವುದು ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ, ಮಲಾಡ್ ವೆಸ್ಟರ್ನಿನಲ್ಲಿ. ಮದುವೆಯೋ ಸಾವೋ ಇಲ್ಲದೆ ಸೆಂಟ್ರಲ್ಲಿನವರು ವೆಸ್ಟರ್ನಿಗೆ ದಾಟುವುದಿಲ್ಲವೆಂದು ಅಕ್ಕನೇ ಒಮ್ಮೆ ಹೇಳಿದ್ದಳು.

ಲಾಡ್ಜಿನ ಕೌಂಟರಿನಲ್ಲಿದ್ದವರು ಉಡುಪಿ ಕಡೆಯ ಶೆಟ್ಟರು. ನಮ್ಮ ಕನ್ನಡ ಕೇಳಿ ಮುಖ ಅರಳಿಸಿ, ದೊಡ್ಡ ರಿಜಿಸ್ಟರು ಮುಂದೆ ತಳ್ಳಿದರು. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಉದ್ದೇಶವೇನು ಎಂದು ಅದರಲ್ಲಿ ಕೇಳಿತ್ತು. ಋಷಿಗಳು ಕಾಡಿನಲ್ಲಿ ಕೂತು ಉತ್ತರ ಹುಡುಕಿದ ಪ್ರಶ್ನೆಗಳಿಗೆ ಲಾಡ್ಜಿನವರು ತಲಾ ಒಂದು ಇಂಚು ಜಾಗ ಕೊಟ್ಟಿದ್ದರು. ತಿಥಿ ಹೇಳದೆ ಬರುವವನು ಅತಿಥಿ ಎನ್ನುತ್ತಾರೆ. ಬರುವ ತಾರೀಖು, ತೊಲಗುವ ಗಂಟೆ ಎರಡನ್ನೂ ಬರೆದುಕೊಟ್ಟು ಒಳಗೆ ಹೋಗುವವನಿಗೆ ಏನೆನ್ನಬೇಕೋ ಯಾರೂ ಹೇಳಿಲ್ಲ. ಹೀಗೆಲ್ಲ ಯೋಚಿಸುತ್ತ ಕೊನೆಯ ಕಾಲಮ್ಮಿಗೆ ಬಂದೆ. ಮುಂಬೈಯಲ್ಲಿ ಪರಿಚಯದವರ ಹೆಸರು, ವಿಳಾಸ, ಫೋನ್. ಖಾಲಿ ಬಿಡಲು ಕೈ ಬರಲಿಲ್ಲ. ಅಕ್ಕನ ಹೆಸರು, ಬಿಲ್ಡಿಂಗು, ಪಿನ್‌ಕೋಡು ಸಮೇತ ಬರೆದೆ. ಫೋನ್ ನಂಬರಿನ ಕೆಳಗೆ ಗೆರೆಯನ್ನೂ ಎಳೆದೆ.

ಮರುದಿನ ಸಂಜೆ ಸಮುದ್ರ ನೋಡಿಕೊಂಡು ಬಂದಾಗ ಶೆಟ್ಟರು ಸಂತೋಷದಿಂದ ಹೇಳಿದರು: "ನಿಮ್ಮ ಆಧಾರಿನ ಹಿಂಬದಿ ಝೆರಾಕ್ಸ್ ಬೇಕಿತ್ತು. ನಿಮ್ಮ ಫೋನ್ ಬಂದ್. ಅಕ್ಕನಿಗೇ ಮಾಡಿದೆ ಮಾರಾಯ್ರೆ. ಭಾರೀ ಒಳ್ಳೆ ಜನ ಅವರು. ರೂಮ್ ನಂಬರ್ ಸಹ ಕೇಳಿ ಬರ್ಕೊಂಡ್ರು."

ಅಕ್ಕ ವೀಡಿಯೋ ಕಾಲ್ ಮಾಡಿ ಹಿಂದಿನ ಗೋಡೆ ನೋಡಿಬಿಟ್ಟಾಳೆಂದು ಫೋನ್ ಆಫ್ ಮಾಡಿದ್ದವನು ನಾನೇ. ಶಾರದೆ ಬೀಗದ ಕೈ ತೆಗೆದುಕೊಂಡು ರೂಮಿನ ಕಡೆ ನಡೆದಳು.

ಅಕ್ಕ ಮಾರನೆಯ ದಿನ ಹನ್ನೊಂದಕ್ಕೆ ಬಂದಳು. ಎರಡು ಲೋಕಲ್ ಬದಲಿಸಿ, ದಾದರ್ ಸ್ಟೇಷನ್ನಿನ ಸೇತುವೆ ಹತ್ತಿಳಿದು, ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು. ಕೂರಲಿಲ್ಲ.

"ಯಾಕೋ ನಾಗೂ, ನಮ್ಮನೇಲಿ ಏನು ಕಮ್ಮಿಯಾಯ್ತು ನಿಂಗೆ? ಬಿಲ್ಡಿಂಗ್‌ನವರೆಲ್ಲ ಕೇಳಿದ್ರೆ ನಾನೇನು ಜವಾಬ್ ಕೊಡ್ಲಿ?"

ಹೇಡಿತನಕ್ಕೆ ಇಟ್ಟಿದ್ದ ಒಳ್ಳೆಯ ಹೆಸರುಗಳೆಲ್ಲ ಆ ಹೊತ್ತಿಗೆ ಕೈಕೊಟ್ಟವು. "ಭಾವ ನೆಲದಿಂದ ಏಳೋದು ನೋಡ್ದೆ ಅಕ್ಕ. ಆಮೇಲೆ ಆ ಮಂಚದ ಮೇಲೆ ಮಲಗೋಕೆ ಮನಸ್ಸು ಬರಲಿಲ್ಲ" ಎಂದುಬಿಟ್ಟೆ.

ಅಕ್ಕ ಕಿಟಕಿಯ ಹತ್ತಿರ ಹೋದಳು. ಕಿಟಕಿಯ ಪರದೆ ಸರಿಸಿದಳು. ಬಾತ್‌ರೂಮಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದಳು. ಸಣ್ಣ ಸೋಪನ್ನು ಮೂಸಿದಳು.

"ಹಾಸಿಗೆ ಯಾರು ಸರಿಮಾಡ್ತಾರೆ?"

"ಲಾಡ್ಜಿನವರೇ."

"ದಿನಾನೂ?"

"ದಿನಾನೂ."

ಆಗ ಮಂಚದ ತುದಿಗೆ ಕೂತಳು. "ಈ ಊರಿಗೆ ಬಂದು ಮೂವತ್ತೆಂಟು ವರ್ಷ ಆಯ್ತು. ಲಾಡ್ಜಿನ ರೂಮು ಒಳಗಿಂದ ಹೆಂಗಿರತ್ತೆ ಅಂತ ನೋಡೇ ಇರ್ಲಿಲ್ಲ."

ಅವಳು ತಂದ ಬಿಸಿಬೇಳೆಬಾತನ್ನು ಮೂವರೂ ತಿಂದೆವು. ಆಮೇಲೆ ಎಸಿ ಹಾಕಿಸಿಕೊಂಡು, ಬಿಳಿ ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದುಕೊಂಡು, "ನಾಲ್ಕಕ್ಕೆ ಎಬ್ಬಿಸು" ಎಂದು ಮಲಗಿಯೇಬಿಟ್ಟಳು. ಅವಳಿಗೆ ಎಚ್ಚರವಾಗದಿರಲೆಂದು ನಾನೂ ಶಾರದೆಯೂ ಹೊರಗಿನ ಕಾರಿಡಾರಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಫ್ಯಾನಿಲ್ಲ, ಬೆವರು ಇಳಿಯುತ್ತಿತ್ತು.

ಶೆಟ್ಟರು ಆ ಕಡೆ ಬಂದವರು ಗಾಬರಿಯಾದರು. "ಎಂತ ಸಾರ್, ಹೊರಗೆ ಕೂತಿದ್ದೀರಿ? ಎಸಿ ಹಾಳಾಯ್ತಾ?"

"ಇಲ್ಲ, ನೆಂಟರು ಬಂದಿದ್ದಾರೆ, ಮಲಗಿದ್ದಾರೆ" ಎಂದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು. ಬೆನ್ನು ನೋಯುತ್ತಿತ್ತು, ಆದರೂ ಯಾರಾದರೂ ಬಂದು ನನ್ನ ಮೇಲೆ ಕನಿಕರ ತೋರಿಸಿದ್ದರೆ ಸಿಟ್ಟು ಬರುತ್ತಿತ್ತು. ಭಾವ "ವ್ಯಾಯಾಮ" ಎಂದದ್ದು ಯಾಕೆಂದು ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು. ಅವರಿಂದ ನಾನು ಕಿತ್ತುಕೊಳ್ಳಲು ಹೊರಟದ್ದು ಮೊಣಕಾಲಿನ ನೋವನ್ನಷ್ಟೇ ಅಲ್ಲ, ಆ ಜಂಬವನ್ನೂ.

ನಾಲ್ಕಕ್ಕೆ ಎಬ್ಬಿಸಿದೆ. ಅಕ್ಕ ಮುಖ ತೊಳೆದು, ಸಣ್ಣ ಸೋಪನ್ನು ಪರ್ಸಿಗೆ ಹಾಕಿಕೊಂಡಳು.

"ನೋಡು ನಾಗೂ, ಮುಂದಿನ ಸಲ ನೀವು ಸಯನ್ನಿಗೇ ಬರ್ಬೇಕು. ಭಾವ ನೆಲದ ಮೇಲೇ ಮಲಗ್ಲಿ, ಅವರಿಗೆ ಅದೇ ಖುಷಿ." ಚಪ್ಪಲಿ ಮೆಟ್ಟಿಕೊಂಡು, ರೂಮಿನ ಕಡೆ ಒಮ್ಮೆ ತಿರುಗಿ ನೋಡಿದಳು. "ಈ ರೂಮು ಬೇಕಾದ್ರೆ ನನ್ನ ಹೆಸರಲ್ಲಿ ಬುಕ್ ಮಾಡು."